ಬಾಣ ನಿಂತ ಭಾನುವಾರಗಳು

ಕಂಪ್ಯೂಟರಿನ ಪರದೆಯ ಮೇಲೆ ಓಡಾಡುವ ಆ ಪುಟ್ಟ ಗುರುತಿಗೆ ಕರ್ಸರ್ ಎನ್ನುತ್ತಾರೆ ಎಂದು ನನ್ನ ಸೋದರಮಾವನಿಗೆ ಎಷ್ಟು ಸಲ ಹೇಳಿದರೂ ಅವರ ನಾಲಿಗೆ ಅದಕ್ಕೆ ಒಗ್ಗಲಿಲ್ಲ. ಅವರು ಅದನ್ನು ಬಾಣ ಎಂದೇ ಕರೆದರು. ನೋಡಲು ಬಾಣದ ತುದಿಯ ಹಾಗೇ ಇರುವುದರಿಂದ ನನಗೂ ವಾದಿಸಲು ಏನೂ ಉಳಿಯಲಿಲ್ಲ. ಕೆಲವೇ ವಾರಗಳಲ್ಲಿ ನಾನೂ ಬಾಣ ಎನ್ನತೊಡಗಿದೆ. ಆ ಬೇಸಿಗೆಯಲ್ಲಿ ಬಾಣ ಓಡಿತೇ, ನಿಂತಿತೇ ಎನ್ನುವುದೇ ನಮ್ಮಿಬ್ಬರ ನಡುವಿನ ಮುಖ್ಯ ಮಾತುಕತೆಯಾಗಿತ್ತು.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ನಾನು ಲಂಡನ್ನಿನ ಅಂಚಿನ ಅಕ್ಸ್‌ಬ್ರಿಡ್ಜ್‌ನ ಒಂದು ಕಂಪನಿಯ ಹೆಲ್ಪ್‌ಡೆಸ್ಕಿನಲ್ಲಿದ್ದೆ. ಆ ಕಟ್ಟಡದ ಯಾವ ಮಹಡಿಯಲ್ಲಿ ಯಾರ ಕಂಪ್ಯೂಟರ್ ಕೈಕೊಟ್ಟರೂ ಫೋನು ಬರುವುದು ನನ್ನ ಮೇಜಿಗೆ. ಬೆಳಗಿನಿಂದ ಸಂಜೆಯವರೆಗೆ ಜೇನಿನಂಥ ದನಿಯಲ್ಲಿ "ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿದಿರಾ?" ಎಂದು ಕೇಳುವುದು ನನ್ನ ಕೆಲಸ. ನನಗೆ ಹುಟ್ಟಿನಿಂದಲೇ ಕೋಪ ಮೂಗಿನ ತುದಿಯಲ್ಲಿ. ಇದ್ದಬದ್ದ ತಾಳ್ಮೆಯೆಲ್ಲ ವಾರದ ಐದು ದಿನಗಳಲ್ಲಿ ಆಫೀಸಿನಲ್ಲೇ ಮುಗಿದುಹೋಗಿ, ಭಾನುವಾರ ಟ್ಯೂಬು ರೈಲು ಹತ್ತಿ ಕೆಂಟನ್‌ನಲ್ಲಿರುವ ಮಾವನ ಮನೆಗೆ ಹೋಗುವಾಗ ಚೂರೂ ಉಳಿದಿರುತ್ತಿರಲಿಲ್ಲ. ಅತ್ತೆ ಅದನ್ನು ಮೊದಲ ನೋಟಕ್ಕೇ ಕಂಡುಕೊಂಡು ಎದುರಿಗೆ ಊಟದ ತಟ್ಟೆ ಇಡುತ್ತಿದ್ದರು. ಹೊಟ್ಟೆ ತುಂಬಿದ ಮೇಲೆ ನಾನು ಸ್ವಲ್ಪ ಮನುಷ್ಯಳಾಗುತ್ತಿದ್ದೆ.

ಮಾವ ವಯಸ್ಸಿನಲ್ಲಿದ್ದಾಗ ಕುಂದಾಪುರದಿಂದ ಬೈಂದೂರಿಗೆ ಓಡುವ ಖಾಸಗಿ ಬಸ್ಸಿನ ಡ್ರೈವರ್. ಆಮೇಲೆ ಅಣ್ಣನ ಹೋಟೆಲು ಸೇರಿ ದೋಸೆಗೆ ನಿಂತರು. ಆ ಕೈಯ ದೋಸೆಯೇ ಅವರನ್ನು ಲಂಡನ್ನಿಗೆ ಕರೆತಂದಿತು. ಕೆಂಟನ್‌ನಲ್ಲಿ ನಮ್ಮ ಕಡೆಯವರೊಬ್ಬರು ನಡೆಸುತ್ತಿದ್ದ ರೆಸ್ಟೋರೆಂಟಿನ ಕಾವಲಿಯ ಮುಂದೆ ಅವರು ನಿಂತು ಹನ್ನೆರಡು ವರ್ಷವಾಗಿತ್ತು. ಹನ್ನೆರಡು ವರ್ಷ ನಿಂತದ್ದು ಅಂದರೆ ನಿಂತದ್ದೇ. ಕಾಲಿನ ರಕ್ತನಾಳಗಳು ಮೊಣಕಾಲಿನಿಂದ ಹಿಮ್ಮಡಿಯವರೆಗೆ ಉಬ್ಬಿ, ಗಂಟುಗಂಟಾಗಿ, ನೋಡಿದವರಿಗೆ ನೋವಾಗುವಂತಿದ್ದವು. ಜಿಪಿ, ಅಂದರೆ ಬಡಾವಣೆಯ ಡಾಕ್ಟರು, ಎರಡು ಸಲ ಹೇಳಿದ್ದರು, ಮೂರನೆಯ ಸಲ ಗದರಿದ್ದರು: ನಿಂತು ಮಾಡುವ ಕೆಲಸ ಬಿಡಿ. ಐವತ್ತು ದಾಟಿದ ದೋಸೆಯವರಿಗೆ ಕೂತು ಮಾಡುವ ಕೆಲಸ ಎಲ್ಲಿಂದ ಬರಬೇಕು?

ಬಂತು. ಮದುವೆ, ಉಪನಯನ, ಸತ್ಯನಾರಾಯಣ ಪೂಜೆ ಎಂದು ಸುತ್ತಲಿನ ಸಭಾಂಗಣಗಳಿಗೆ ಅಡುಗೆ ಒಯ್ಯಲು ರೆಸ್ಟೋರೆಂಟಿಗೆ ಒಂದು ಬಿಳಿ ವ್ಯಾನ್ ಇತ್ತು. ಅದನ್ನು ಓಡಿಸುತ್ತಿದ್ದವನು ದೀಪಾವಳಿಗೆ ಊರಿಗೆ ಹೋದರೆ ಮತ್ತೆ ಬರುವುದಿಲ್ಲ ಎಂದು ಮುಂಚೆಯೇ ಹೇಳಿದ್ದ. ಮಾಲೀಕರು ಮಾವನನ್ನು ಕರೆದು, ದೀಪಾವಳಿಯ ಒಳಗೆ ಲೈಸೆನ್ಸ್ ತೋರಿಸಿದರೆ ವ್ಯಾನ್ ನಿಮ್ಮದು, ಇಲ್ಲವಾದರೆ ಹೊರಗಿನವರನ್ನು ನೋಡಬೇಕಾಗುತ್ತದೆ ಎಂದರು. ಮಾವನ ಕಾಲು ಉಳಿಯುವುದು ಆ ಸ್ಟೀರಿಂಗಿನ ಹಿಂದೆ ಕೂತರೆ ಮಾತ್ರ. ಅದು ಅವರಿಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆದರೆ ಮಾವ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದ್ದರು. ಊರಿನ ಲೈಸೆನ್ಸು ಇಲ್ಲಿ ಮೊದಲ ಒಂದು ವರ್ಷ ನಡೆಯುತ್ತದೆ, ಅಷ್ಟರೊಳಗೆ ಇಲ್ಲಿಯದನ್ನು ಮಾಡಿಸಿಕೊಳ್ಳಬೇಕು. ಟ್ಯೂಬು ಇರುವಾಗ ಕಾರು ಯಾರಿಗೆ ಬೇಕು ಎಂದು ಆ ವರ್ಷವನ್ನು ಕಳೆದುಬಿಟ್ಟರು. ಈಗ ಸಾವಿರಾರು ಸಲ ಬಸ್ಸು ಬಿಟ್ಟ ಮನುಷ್ಯ, ಹದಿನೇಳರ ಹುಡುಗಿಯರ ಜೊತೆ ಸಾಲಿನಲ್ಲಿ ನಿಂತು ಕಲಿಯುವವರ ಲೈಸೆನ್ಸ್ ತೆಗೆದುಕೊಂಡು, ಥಿಯರಿ ಪರೀಕ್ಷೆಗೆ ಕೂರಬೇಕು. ಅದರಲ್ಲಿ ಮೊದಲನೆಯ ಭಾಗ ಪ್ರಶ್ನೆಗಳು. ಆ ಪುಸ್ತಕವನ್ನು ಮಾವ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಕಾವಲಿಯ ಪಕ್ಕದ ಮೊಳೆಗೆ ನೇತುಹಾಕಿಕೊಂಡು, ದೋಸೆ ಮಗುಚುವ ನಡುವೆ ಓದಿ ಬಾಯಿಪಾಠ ಮಾಡಿದ್ದರು. ಅದರ ಭಯ ಇರಲಿಲ್ಲ.

ಭಯ ಇದ್ದದ್ದು ಎರಡನೆಯ ಭಾಗಕ್ಕೆ. ಕಂಪ್ಯೂಟರಿನಲ್ಲಿ ಒಂದೊಂದು ನಿಮಿಷದ ಫಿಲ್ಮುಗಳು ಬರುತ್ತವೆ. ಕಾರಿನ ಡ್ರೈವರನ ಕಣ್ಣಿಗೆ ಕಾಣುವಂಥ ರಸ್ತೆ. ಎಲ್ಲೋ ಒಂದು ಕಡೆ ಅಪಾಯ ಹುಟ್ಟುತ್ತದೆ: ನಿಂತ ಲಾರಿಯ ಹಿಂದಿನಿಂದ ಸೈಕಲ್ಲು ಹೊರಬರುತ್ತದೆ, ಅಜ್ಜಿಯೊಬ್ಬಳು ಫುಟ್‌ಪಾತ್ ಇಳಿಯುತ್ತಾಳೆ. ಅದು ಹುಟ್ಟುತ್ತಿದ್ದ ಹಾಗೇ ಮೌಸಿನ ಗುಂಡಿ ಒತ್ತಬೇಕು. ಬೇಗ ಒತ್ತಿದರೆ ಐದು ಅಂಕ, ತಡವಾದಷ್ಟೂ ಕಡಿಮೆ, ತೀರಾ ತಡವಾದರೆ ಸೊನ್ನೆ. ಸುಮ್ಮನೆ ಬೇಕಾಬಿಟ್ಟಿ ಒತ್ತುತ್ತಾ ಹೋದರೆ ಆ ಫಿಲ್ಮಿಗೇ ಸೊನ್ನೆ. ಮಾವ ಜೀವನದಲ್ಲಿ ಮೌಸು ಮುಟ್ಟಿದವರಲ್ಲ.

ಹಾಗಾಗಿ ನನ್ನ ಆಫೀಸಿನವರು ಹಳತಾಯಿತೆಂದು ಎಸೆಯಲಿದ್ದ ಒಂದು ಕಂಪ್ಯೂಟರನ್ನು ಕೇಳಿ ತಂದು ಕೆಂಟನ್‌ನ ಮನೆಯ ಮುಂದಿನ ಕೋಣೆಯಲ್ಲಿ ಇಟ್ಟೆ. ಆಫೀಸಿನ ಗೆಳತಿಯೊಬ್ಬಳು ತಾನು ಅಭ್ಯಾಸ ಮಾಡಿ ಪಾಸಾದ ಸಿಡಿಯನ್ನು ಕೊಟ್ಟಳು. ಹೇಗೆ ಹಾಕುವುದು, ಹೇಗೆ ಒತ್ತುವುದು ಎಂದು ಮಾವನಿಗೆ ತೋರಿಸಿದೆ. ಅತ್ತೆ ಗಿಳಿಯ ಕಸೂತಿ ಹಾಕಿದ ಬಟ್ಟೆಯೊಂದನ್ನು ಕಂಪ್ಯೂಟರಿಗೆ ಹೊದಿಸಿದರು. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ಅಡುಗೆ ಶುರುವಾಗುವ ನಡುವೆ ಮಾವನಿಗೆ ಎರಡು ಗಂಟೆ ಬಿಡುವು. ಆ ಹೊತ್ತಿನಲ್ಲಿ ದಿನಾ ಮನೆಗೆ ಬಂದು ಅಭ್ಯಾಸ ಮಾಡುವುದೆಂದು ತೀರ್ಮಾನವಾಯಿತು.

ಮೊದಲ ವಾರ ಎಲ್ಲ ಚೆನ್ನಾಗಿತ್ತು ಎಂದೇ ನಾನು ತಿಳಿದಿದ್ದೆ. ಎರಡನೆಯ ವಾರದ ಮಂಗಳವಾರ ಮಧ್ಯಾಹ್ನ ಆಫೀಸಿನ ಫೋನು ಹೊಡೆದುಕೊಂಡಿತು. ಎಂದಿನ ಇಂಗ್ಲಿಷಿನಲ್ಲಿ ಕಂಪನಿಯ ಹೆಸರು ಹೇಳಿ, ನಿಮಗೆ ನನ್ನಿಂದ ಏನು ಸಹಾಯ ಆಗಬೇಕು ಎಂದು ಕೇಳಿದೆ.

"ಹೆಣೆ, ಬಾಣ ನಿಂತ್ ಹೋಯ್ತ್."

ನನ್ನನ್ನು ಹುಡುಗಿ ಎನ್ನದೆ ಹೆಣೆ ಎಂದು ಕರೆಯುವವರು ಮಾವ ಒಬ್ಬರೇ. ನಾನು ತಲೆ ತಗ್ಗಿಸಿ ದನಿ ಇಳಿಸಿದೆ. "ಯಾವಾಗ ನಿಂತದ್ ಮಾವ?"

"ಫಿಲ್ಮ್ ಸುರು ಆದ ಕೂಡ್ಲೆ. ಎಂತ ಮಾಡ್ರೂ ಅಲ್ಲಾಡ್ತಿಲ್ಲೆ. ನಾನ್ ಒತ್ತಿ ಸುಮಾರ್ ಹೊತ್ತ್ ಆದ್ಮೇಲೆ ಟಕ್ ಅಂತ್ ಹಾರತ್ತ್. ಅಷ್ಟೊತ್ತಿಗೆ ಸೈಕಲ್ಲಿನವ ದಾಟಿ ಹೋಯಿರ್ತ. ಸೊನ್ನೆ."

"ಒಂದ್ ಸಲ ಆಫ್ ಮಾಡಿ ಆನ್ ಮಾಡಿ."

"ಅದ್ ನಂಗೊತ್ತಿತ್ತ್. ಮೂರ್ ಸಲ ಮಾಡಿ ಆಯ್ತ್. ನೀ ದಿನಾ ಅದನ್ನೇ ಹೇಳುದಲ್ದಾ?"

ಪಕ್ಕದ ಮೇಜಿನವಳು ಇದು ಯಾವ ವಿಭಾಗದ ಕರೆ ಎಂದು ಹುಬ್ಬೇರಿಸಿ ನೋಡಿದಳು. ಭಾನುವಾರ ಬಂದು ನೋಡುತ್ತೇನೆ ಎಂದು ಫೋನಿಟ್ಟೆ.

ಭಾನುವಾರ ನೋಡಿದರೆ ಮಾವನ ಮಾತು ನಿಜವೇ. ಫಿಲ್ಮು ಹಾಕುವವರೆಗೆ ಬಾಣ ಸಲೀಸಾಗಿ ಓಡುತ್ತದೆ. ಫಿಲ್ಮು ಶುರುವಾಯಿತೋ, ಇದ್ದಲ್ಲೇ ಕಲ್ಲಾಗುತ್ತದೆ. ಕಂಪ್ಯೂಟರಿಗೆ ಹೊರೆ ಬಿದ್ದಾಗ ಮಾತ್ರ ಬರುವ ಕಾಯಿಲೆ. ಇಂಥದನ್ನು ನಾನು ಆಫೀಸಿನಲ್ಲಿ ಎಷ್ಟೋ ಕಂಡವಳು, ಹತ್ತು ನಿಮಿಷದ ಕೆಲಸ ಎಂದು ಅತ್ತೆಗೆ ಚಹಾಕ್ಕೆ ನೀರಿಡಲು ಹೇಳಿ ಕೂತೆ.

ಮೊದಲು ಮೌಸಿನ ಹೊಟ್ಟೆ ಬಿಚ್ಚಿದೆ. ಆಗಿನ ಮೌಸುಗಳ ಒಳಗೆ ಒಂದು ರಬ್ಬರಿನ ಗುಂಡು, ಅದಕ್ಕೆ ತಾಗಿ ಉರುಳುವ ಪುಟ್ಟ ಕಡ್ಡಿಗಳು. ಕಡ್ಡಿಗಳ ಸುತ್ತ ಅಕ್ಕಿಹಿಟ್ಟು, ಅರಿಸಿನ, ಎಣ್ಣೆ ಸೇರಿ ಒಂದು ಪದರ ಕಟ್ಟಿಕೊಂಡಿತ್ತು. ಸಿಕ್ಕಿತು ಕಳ್ಳ ಎಂದು ಉಗುರಿನಿಂದ ಕೆರೆದು, ಗುಂಡನ್ನು ತೊಳೆದು ಒರೆಸಿ ಹಾಕಿದೆ. ಬಾಣ ನಿಂತಿತು. ಮುಂದಿನ ಭಾನುವಾರ ಹೊಸ ಮೌಸನ್ನೇ ತಂದೆ. ಬಾಣ ನಿಂತಿತು. ಆಮೇಲಿನ ಭಾನುವಾರ ಬೇಡದ ಪ್ರೋಗ್ರಾಮುಗಳನ್ನೆಲ್ಲ ಕಿತ್ತು ಹಾಕಿದೆ, ಆಫೀಸಿನಲ್ಲಿ ಬಿದ್ದಿದ್ದ ಮೆಮರಿ ತಂದು ತೂರಿಸಿದೆ, ಗಿಳಿಯ ಬಟ್ಟೆಯಿಂದ ಕಾವು ಹೆಚ್ಚಾಗಿರಬಹುದೆಂದು ಅದನ್ನೂ ತೆಗೆಸಿದೆ. ಬಟ್ಟೆ ತೆಗೆದದ್ದಕ್ಕೆ ಅತ್ತೆಯ ಮುಖ ಊದಿತು. ಬಾಣ ಮಾತ್ರ ನಿಂತೇ ಇತ್ತು.

ಇಷ್ಟೂ ಹೊತ್ತು ಮಾವ ಪಕ್ಕದ ಕುರ್ಚಿಯಲ್ಲಿ, ಡಾಕ್ಟರ ಮುಂದೆ ಕೂತವರ ಹಾಗೆ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದರು. ಆ ಮೌನವೇ ನನ್ನನ್ನು ಕೆರಳಿಸಿತು. ಇಡೀ ಕಟ್ಟಡದ ಕಂಪ್ಯೂಟರುಗಳನ್ನು ಸರಿಮಾಡುವವಳಿಗೆ ಸ್ವಂತ ಮಾವನ ಮನೆಯ ಒಂದು ಹಳೆಯ ಡಬ್ಬಿಯ ಕಾಯಿಲೆ ತಿಳಿಯುತ್ತಿಲ್ಲ ಎಂಬ ಅವಮಾನ ಒಳಗೆ ಕುದಿಯುತ್ತಿತ್ತು. ನಾಲ್ಕನೆಯ ಭಾನುವಾರ ಅವರು ಮತ್ತೆ ಒತ್ತಿದರು, ಮತ್ತೆ ಸೊನ್ನೆ ಬಂತು. ನನ್ನ ಬಾಯಿ ಹರಿಯಿತು.

"ಮಿಷನಿಂದ್ ತಪ್ಪಲ್ಲ ಮಾವ. ನಿಮ್ ಕೈದ್ ತಪ್ಪ್. ಕಾಯಿ ಹಿಂಡಿದಂಗೆ ಹಿಂಡ್ರೆ ಬಾಣ ಎಲ್ಲಿಗ್ ಹೋಪುದ್?"

ಮಾವ ತಮ್ಮ ಬಲಗೈಯನ್ನು ಮೌಸಿನಿಂದ ತೆಗೆದು ಒಮ್ಮೆ ತಿರುಗಿಸಿ ನೋಡಿಕೊಂಡರು. ಕಾವಲಿಯ ಬಿಸಿಗೆ ಬೆರಳ ತುದಿಗಳೆಲ್ಲ ನುಣುಪಾದ, ದಪ್ಪಗಾದ ಕೈ.

"ಹೌದೇನೋ. ಬಿಡ್ ಹೆಣೆ. ನಂಗ್ ಆಪುದಲ್ಲ ಇದ್." ಅವರು ಎದ್ದು ಕಾಲಿಗೆ ಬಿಗಿಯಾದ ಕಾಲುಚೀಲ ಏರಿಸಿಕೊಂಡು, ಇನ್ನೂ ಮುಕ್ಕಾಲು ಗಂಟೆ ಬಿಡುವಿದ್ದರೂ ರೆಸ್ಟೋರೆಂಟಿಗೆ ಹೊರಟೇಬಿಟ್ಟರು.

ಬಾಗಿಲು ಹಾಕಿಕೊಂಡ ಮೇಲೆ ಅತ್ತೆ ಅಡುಗೆಮನೆಯಿಂದ ಬಂದರು. "ನೀ ಎಂತ ಹೇಳ್ದೆ ಅಂತ ಗೊತ್ತಿತ್ತಾ ನಿಂಗೆ? ಅವ್ರ್ ಯಾರ್ ಹತ್ರನೂ ಕಾಲ್ ನೋವ್ ಅಂತ ಹೇಳಿದವ್ರಲ್ಲ. ನಿನ್ ಹತ್ರ ಮಾತ್ರ ಬಾಣ ನಿಂತಿತ್ ಅಂತ ಬಾಯ್ಬಿಟ್ ಹೇಳ್ದವ್ರ್. ಅವ್ರಿಗ್ ಬೈಬೇಡ ಮಾರಾಯ್ತಿ."

ನನಗೆ ತುಂಬ ನಾಚಿಕೆಯಾಯಿತು. ಆಫೀಸಿನಲ್ಲಿ ಗುರುತೂ ಇಲ್ಲದವರಿಗೆ ನಾನು ಎಂದೂ ಹಾಗೆ ಹೇಳಿದವಳಲ್ಲ. ಅಷ್ಟೇ ಅಲ್ಲ, ಬಾಣ ನಿಲ್ಲುವುದನ್ನು ನನ್ನ ಕಣ್ಣಾರೆ ಕಂಡೂ ಅವರ ಕೈಯನ್ನು ದೂರಿದ್ದೆ. ಸೋತವಳು ಸೋತೆ ಎನ್ನದೆ ಪಕ್ಕದಲ್ಲಿ ಕೂತವರ ಮೇಲೆ ಹೇರಿದ್ದೆ.

ಮುಂದಿನ ಭಾನುವಾರ ಮಾವ ಕಂಪ್ಯೂಟರಿನ ಮಾತೇ ಎತ್ತಲಿಲ್ಲ. ಗಿಳಿಯ ಬಟ್ಟೆ ಮತ್ತೆ ಅದರ ಮೇಲೆ ಬಂದಿತ್ತು. ಊಟ ಬಡಿಸುತ್ತಾ ಎಂದಿನ ಹಾಗೆ ನನ್ನನ್ನು ಕೆಣಕಿದರು, ನಿಂಗೆ ಗಂಡು ಹುಡುಕುವಾಗ ಕಿವಿ ಕೇಳದವನನ್ನೇ ನೋಡಬೇಕು ಎಂದರು. ಅಷ್ಟು ಸಲೀಸಾಗಿ ಮರೆತವರ ಎದುರು ಕ್ಷಮೆ ಕೇಳುವುದು ಇನ್ನೂ ಕಷ್ಟ. ಹೇಗೂ ಇನ್ನು ಉಪಯೋಗವಿಲ್ಲ, ಗೆಳತಿಯ ಸಿಡಿಯನ್ನಾದರೂ ವಾಪಸು ಕೊಡೋಣ ಎಂದು ಅದನ್ನು ಹೊರತೆಗೆದೆ. ಡಬ್ಬಿಗೆ ಹಾಕುವಾಗ ಅದರ ಅಡಿಭಾಗ ಕಿಟಕಿಯ ಬೆಳಕಿಗೆ ಬಿತ್ತು.

ಇಡೀ ಸಿಡಿಯ ತುಂಬ ಗೀರುಗಳು. ಒಂದೆರಡಲ್ಲ. ವೃತ್ತವೃತ್ತವಾಗಿ, ಅಂಚಿನಿಂದ ನಡುವಿನವರೆಗೆ, ಅಳತೆ ಹಿಡಿದು ಎಳೆದ ಹಾಗೆ.

"ಮಾವ, ಇದಕ್ಕೆ ಎಂತ ಮಾಡ್ದ್ರಿ?"

"ಎಂತ ಮಾಡ್ಲಿಲ್ಲೆ. ಕೈಯಗೆ ಎಣ್ಣಿ ಇರತ್ತಲ್ದಾ, ಒಂದಿನ ಅದಕ್ಕೂ ಹತ್ತಿತ್ತ್. ಬಟ್ಟಿಯಗೆ ಒರ್ಸಿರೆ ಹೋಯ್ಲಿಲ್ಲೆ. ಸಾಬೂನ್ ಪುಡಿ ಹಾಕಿ ಸಮಾ ತಿಕ್ಕಿ ತೊಳ್ದಿಟ್ಟೆ. ದಿನಾ ತೊಳಿತೆ ನಾನ್. ಕಾಣ್, ಹ್ಯಾಂಗ್ ಹೊಳಿತಿತ್ತ್!"

ಗೀರು ನೋಡಿದರೇ ಗೊತ್ತಾಗುತ್ತಿತ್ತು, ಪಾತ್ರೆ ತಿಕ್ಕುವ ತಂತಿಯ ಉಂಡೆಯಲ್ಲಿ ತಿಕ್ಕಿದ್ದರು. ಇಪ್ಪತ್ತು ವರ್ಷ ಹೋಟೆಲಿನಲ್ಲಿ ದುಡಿದವರಿಗೆ ಎಣ್ಣೆ ಹತ್ತಿದ ದುಂಡನೆಯ ವಸ್ತು ಕೈಗೆ ಬಂದರೆ ಬೇರೇನು ತೋಚೀತು? ನಾನು ನೆಲದ ಮೇಲೆ ಕೂತು ನಕ್ಕೆ. ನಗುತ್ತಿರುವಾಗಲೇ ಉಳಿದದ್ದೂ ಹೊಳೆಯಿತು.

ಸಿಡಿಯಿಂದ ಚಿತ್ರವನ್ನು ಹೊತ್ತು ತರುವ ಕೆಲಸ ಕಂಪ್ಯೂಟರಿನ ಒಳಗೆ ಬೇರೆಯದೇ ಭಾಗದ್ದು. ಮೆದುಳಿನಂಥ ಮುಖ್ಯ ಭಾಗಕ್ಕೆ ಆ ಚಾಕರಿ ಇರುವುದಿಲ್ಲ. ಆದರೆ ಗೀರಿನಿಂದಾಗಿ ಓದುವುದು ಮತ್ತೆ ಮತ್ತೆ ತಪ್ಪಿದರೆ ಕಂಪ್ಯೂಟರು ಹೆದರಿ, ಇನ್ನು ಮೇಲೆ ನಿಧಾನವಾದರೂ ಚಿಂತೆಯಿಲ್ಲ ಎಂದು ಹಳೆಯ ಕ್ರಮಕ್ಕೆ ಇಳಿದುಬಿಡುತ್ತದೆ. ಆಗ ಮುಖ್ಯ ಭಾಗವೇ ಪ್ರತಿಯೊಂದು ತುಣುಕನ್ನೂ ತಾನೇ ಹೊತ್ತು ತರಬೇಕು. ಮೌಸು ಎಲ್ಲಿ ಹೋಯಿತೆಂದು ನೋಡಲು ಅದಕ್ಕೆ ಪುರುಸೊತ್ತೇ ಇರುವುದಿಲ್ಲ. ಇನ್ನೂ ತಮಾಷೆಯೆಂದರೆ ಒಮ್ಮೆ ಇಳಿದದ್ದು ತಾನಾಗಿ ಮೇಲೆ ಬರುವುದೂ ಇಲ್ಲ, ನಾವೇ ಒಳಗೆ ಹೋಗಿ ಹಳೆಯದನ್ನು ಅಳಿಸಿ ಬರಬೇಕು. ಇದನ್ನು ನನಗೆ ತಿಳಿದ ಹಾಗೆ ಮಾವನಿಗೆ ವಿವರಿಸಿದೆ. ಅವರು ಕ್ಷಣ ಯೋಚಿಸಿದರು.

"ಅಂದ್ರೆ, ಸಪ್ಲಾಯರ್ ಬಾರದ ದಿನ ಕಾವ್ಲಿ ಹತ್ರ ನಿಂತವನೇ ಟೇಬಲ್ಲಿಗೂ ದೋಸೆ ಕೊಂಡ್ಹೋದಂಗೆ."

ನಾನು ಹೆಲ್ಪ್‌ಡೆಸ್ಕಿನಲ್ಲಿದ್ದ ಅಷ್ಟೂ ವರ್ಷಗಳಲ್ಲಿ ಅದನ್ನು ಅಷ್ಟು ಸರಿಯಾಗಿ ಯಾರೂ ಹೇಳಿಲ್ಲ.

"ಮಾವ, ಅವತ್ ನಾನ್ ಹೇಳದ್ ತಪ್ಪಾಯ್ತ್. ನಿಮ್ ಕೈದ್ ತಪ್ಪಲ್ಲ," ಎಂದೆ.

"ತಿಕ್ಕದ್ ನನ್ ಕೈಯೇ ಅಲ್ದಾ," ಎಂದು ಅವರು ಎದ್ದು ಹೋಗಿ ನನಗೆ ಇನ್ನೊಂದು ದೋಸೆ ಹಾಕಿ ತಂದರು.

ಹೊಸ ಸಿಡಿ ತಂದೆ, ಒಳಗಿನ ಕ್ರಮವನ್ನು ಸರಿಪಡಿಸಿದೆ, ಸಿಡಿಯನ್ನು ಮುಟ್ಟುವುದೇ ಬೇಡವೆಂದು ಅದರಲ್ಲಿದ್ದದ್ದನ್ನೆಲ್ಲ ಕಂಪ್ಯೂಟರಿಗೆ ಇಳಿಸಿದೆ. ಫಿಲ್ಮು ಶುರುವಾಯಿತು. ಬಾಣ ನೀರಿನಲ್ಲಿ ಮೀನು ಓಡಿದ ಹಾಗೆ ಓಡಿತು. ಅತ್ತೆ ಕೈ ತಟ್ಟಿದರು. ಮಾವ ನೇರವಾಗಿ ಕೂತು, ಮೌಸಿನ ಮೇಲೆ ಕೈಯಿಟ್ಟು, ಮೊದಲ ಫಿಲ್ಮನ್ನು ಮುಗಿಸಿದರು.

ಸೊನ್ನೆ.

ಎರಡನೆಯದೂ ಸೊನ್ನೆ. ಮೂರನೆಯದಕ್ಕೆ ಪರದೆಯ ಮೇಲೆ ಒಂದು ಎಚ್ಚರಿಕೆ ಬಂತು: ನೀವು ಒತ್ತಿದ ರೀತಿ ಸರಿಯಿಲ್ಲ, ಅಂಕ ಕೊಡುವುದಿಲ್ಲ. ಬಾಣ ನಿಂತಿದ್ದ ದಿನಗಳಲ್ಲಿ ಒತ್ತಿದ್ದೆಲ್ಲ ತಡವಾಗಿ ಬಂದು ಸೊನ್ನೆಯಾಗುತ್ತಿದ್ದುದರಿಂದ ಈ ಇನ್ನೊಂದು ಕಾಯಿಲೆ ನಮಗೆ ಕಂಡೇ ಇರಲಿಲ್ಲ. ಈ ಸಲ ನಾನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತು, ಪರದೆಯನ್ನು ಬಿಟ್ಟು ಅವರ ಬೆರಳನ್ನೇ ನೋಡಿದೆ. ತಿರುವು ಬಂತು. ಬೆರಳು ಒಂದು ಸಲ ಉದ್ದಕ್ಕೆ ಒತ್ತಿ ಹಿಡಿಯಿತು. ಫುಟ್‌ಪಾತಿನ ಮೇಲೆ ಜನ ಬಂದರು. ಟಿಕ್ ಟಿಕ್. ಮುಂದೆ ನಿಧಾನವಾಗಿ ಹೋಗುವ ವ್ಯಾನ್ ಸಿಕ್ಕಿತು. ಟಿಕ್ ಟಿಕ್ ಟಿಕ್.

ಕುಂದಾಪುರದ ಬಸ್ಸಿನಲ್ಲಿ ಶಾಲೆಗೆ ಹೋದವಳಿಗೆ ಆ ತಾಳ ತಿಳಿಯದೇ ಇರುತ್ತದೆಯೇ? ತಿರುವಿಗೆ ಒಂದು ಉದ್ದ, ದಾರಿಹೋಕರಿಗೆ ಎರಡು ಗಿಡ್ಡ, ಓವರ್‌ಟೇಕಿಗೆ ಮೂರು.

"ಮಾವ, ನೀವ್ ಹಾರ್ನ್ ಹೊಡಿತಾ ಇದ್ರಿ!"

ಅವರಿಗೆ ಅದು ಆಪಾದನೆ ಎಂದೇ ಅನ್ನಿಸಲಿಲ್ಲ. "ಮತ್ತೆಂತ? ಹಾರ್ನ್ ಹೊಡೀದೆ ಹೋರೆ ಅವ್ರಿಗೆ ನಾನ್ ಬಪ್ಪುದ್ ಗೊತ್ತಾಪುದ್ ಹ್ಯಾಂಗೆ?"

"ಫಿಲ್ಮಿನಗೆ ಇಪ್ಪುವ್ರಿಗೆ ಕೇಂತಿಲ್ಲೆ ಮಾವ. ಇದ್ ಹಾರ್ನ್ ಅಲ್ಲ. ನಿಮಗ್ ಕಂಡಿತ್ ಅಂತ ಹೇಳುದ್, ಅಷ್ಟೆ. ಒಂದೇ ಸಲ."

"ನಂಗ್ ಕಂಡ್ರೆ ಸಾಕಾ? ಅವ್ರಿಗ್ ಗೊತ್ತಾಪುದ್ ಬೇಡ್ದಾ?"

ಊರಿನಲ್ಲಿ ಹಾರ್ನ್ ಎಂದರೆ ಮರ್ಯಾದೆ: ನಾನು ಬರುತ್ತಿದ್ದೇನೆ, ನೀವು ಹುಷಾರು. ಇಲ್ಲಿ ಹಾರ್ನ್ ಹೊಡೆದರೆ ಬೈದ ಹಾಗೆ. ಈ ವ್ಯತ್ಯಾಸವನ್ನು ಮೌಸಿನ ಎದುರು ಕೂತು ವಿವರಿಸುವುದು ನನ್ನಿಂದಾಗದು ಎನ್ನಿಸಿ, ಚಪ್ಪಲಿ ಹಾಕಿಕೊಳ್ಳಿ ಎಂದೆ.

ಅವತ್ತು ಮತ್ತು ಆಮೇಲಿನ ಭಾನುವಾರಗಳಲ್ಲಿ ನಾವು ಕೆಂಟನ್ ರೋಡಿನಿಂದ ಪಿನ್ನರ್‌ಗೆ ಹೋಗುವ ಡಬಲ್ ಡೆಕ್ಕರ್ ಹತ್ತಿ, ಮೇಲಿನ ಮಹಡಿಯ ತೀರಾ ಮುಂದಿನ ಸೀಟಿನಲ್ಲಿ ಕೂರುತ್ತಿದ್ದೆವು. ಎದುರಿಗೆ ದೊಡ್ಡ ಗಾಜು, ಕೆಳಗೆ ರಸ್ತೆ. ಫಿಲ್ಮಿಗಿಂತ ಚೆನ್ನಾಗಿತ್ತು. ಒಪ್ಪಂದ ಇಷ್ಟೇ: ಅಪಾಯ ಕಂಡ ಕೂಡಲೇ ಮಾವ ನನ್ನ ಮಣಿಕಟ್ಟಿನ ಮೇಲೆ ಬೆರಳಿನಿಂದ ಒಮ್ಮೆ ಒತ್ತಬೇಕು. ಒಂದೇ ಸಲ. ಎರಡನೆಯ ಸಲ ಒತ್ತಿದರೆ ಪಿನ್ನರ್‌ನಲ್ಲಿ ಐಸ್‌ಕ್ರೀಮಿನ ದುಡ್ಡು ಅವರದು, ಒಮ್ಮೆಯೂ ತಪ್ಪದಿದ್ದರೆ ನನ್ನದು.

ಮೊದಲ ದಿನ ನಾಲ್ಕು ಐಸ್‌ಕ್ರೀಮ್ ಗೆದ್ದೆ. ಆದರೆ ಆ ದಿನವೇ ಇನ್ನೊಂದು ವಿಷಯವೂ ನನಗೆ ತಿಳಿಯಿತು. ನನ್ನ ಮಣಿಕಟ್ಟಿನ ಮೇಲೆ ಬೆರಳು ಒತ್ತಿದಾಗಲೆಲ್ಲ ನಾನು ಏನೂ ಕಾಣದೆ ಸುತ್ತ ಹುಡುಕುತ್ತಿದ್ದೆ. ಎರಡು ಕ್ಷಣ ಬಿಟ್ಟು ಆ ಅಪಾಯ ನನಗೂ ಕಾಣುತ್ತಿತ್ತು. ನಿಂತ ಕಾರಿನ ಒಳಗೆ ಬಾಗಿಲು ತೆರೆಯಲು ಚಾಚಿದ ಕೈಯ ನೆರಳು. ತಾಯಿಯೊಬ್ಬಳು ಅತ್ತಿತ್ತ ನೋಡದೆ ಫುಟ್‌ಪಾತಿನ ಅಂಚಿಗೆ ತಂದ ಮಗುವಿನ ತಳ್ಳುಗಾಡಿ. ಮೈಮರೆತು ಹರಟುತ್ತಾ ಹಿಂದೆ ಹೆಜ್ಜೆಯಿಡುತ್ತಿದ್ದ ಹೆಂಗಸು. ಹನ್ನೆರಡು ವರ್ಷ ಗೋಡೆಯ ಕಡೆ ಮುಖ ಮಾಡಿ ದೋಸೆ ಹೊಯ್ದರೂ ಆ ಕಣ್ಣುಗಳು ರಸ್ತೆಯನ್ನು ಮರೆತಿರಲಿಲ್ಲ. ಪಿನ್ನರ್‌ನ ಇಳಿಜಾರು ಬೀದಿಯಲ್ಲಿ ಬೆಂಚಿನ ಮೇಲೆ ಕೂತು, ಅವರು ಕಾಲು ಚಾಚಿ, ನಾನು ಗೆದ್ದ ಐಸ್‌ಕ್ರೀಮನ್ನು ಇಬ್ಬರೂ ತಿಂದೆವು. ಆ ಬೇಸಿಗೆಯಷ್ಟು ನೆಮ್ಮದಿಯ ಬೇಸಿಗೆ ಲಂಡನ್ನಿನಲ್ಲಿ ನನಗೆ ಮತ್ತೆ ಸಿಕ್ಕಿಲ್ಲ.

ನಾಲ್ಕನೆಯ ಭಾನುವಾರ ಐಸ್‌ಕ್ರೀಮ್ ಗೆದ್ದದ್ದು ಮಾವ. ಮನೆಯ ಕಂಪ್ಯೂಟರಿನಲ್ಲಿಯೂ ಐದು, ನಾಲ್ಕು, ಐದು ಎಂದು ಬರತೊಡಗಿತು. ಇನ್ನು ತಡ ಬೇಡವೆಂದು ಪರೀಕ್ಷೆಗೆ ದಿನ ಗೊತ್ತು ಮಾಡಿದೆವು. ದೀಪಾವಳಿಗೆ ಮುಂಚೆ ರಸ್ತೆಯ ಪರೀಕ್ಷೆಯೂ ಆಗಬೇಕಾದ್ದರಿಂದ ಇದರಲ್ಲಿ ನಪಾಸಾದರೆ ಮತ್ತೆ ಕಟ್ಟಲು ಸಮಯವಿರಲಿಲ್ಲ. ನಾನು ರಜೆ ಹಾಕಿ ಜೊತೆಗೆ ಹೋದೆ. ಮಾವ ಮದುವೆಗೆ ಹೊರಟವರ ಹಾಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಅವರನ್ನು ಒಳಗೆ ಕರೆದುಕೊಂಡ ಮೇಲೆ ನಾನು ಮೆಟ್ಟಿಲ ಬುಡದಲ್ಲಿ ಕೂತು, ಒಳಗಿರುವ ಕಂಪ್ಯೂಟರುಗಳ ಬಾಣ ನಿಲ್ಲದಿರಲಿ ಎಂದು ಊರಿನ ದೇವರಿಗೆಲ್ಲ ಹರಕೆ ಹೊತ್ತೆ.

ಒಂದೂವರೆ ಗಂಟೆಯ ಮೇಲೆ ಮಾವ ಇಳಿದು ಬಂದರು. ಅವರ ಮುಖ ನೋಡಿದ ಕೂಡಲೇ ನಪಾಸು ಎಂದುಕೊಂಡೆ. ಬಣ್ಣವೇ ಇರಲಿಲ್ಲ. ಕಾಗದ ಕೈಗೆ ಕೊಟ್ಟರು. ಎರಡು ಸಲ ಓದಿದೆ. ಎರಡೂ ಭಾಗಗಳಲ್ಲಿ ಪಾಸು.

"ಪಾಸಾಯ್ತಲ್ದಾ ಮಾವ! ಮತ್ತೆಂತಕ್ ಹೀಂಗೆ?"

ಬಸ್ಸು ಹತ್ತಿ ಕೂತ ಮೇಲೆ ಅವರು ಬಾಯಿ ಬಿಟ್ಟರು. "ಕಡೀ ಫಿಲ್ಮಂಗೆ ಒಂದ್ ಸಣ್ ಹೆಣ್ಣ್, ಹೆಣೆ. ಎರಡ್ ಕಾರಿನ್ ನಡುವಿಂದ ಓಡಿ ಬಂತ್. ಅಬ್ಬೆ ಆಚಿ ಬದಿಯಗೆ ನಿಂತ್ಕಂಡಿತ್ತ್. ನಾನ್ ಬ್ರೇಕ್ ಹಾಕ್ದೆ."

"ಎಂತ ಹಾಕ್ದ್ರಿ?"

"ಬ್ರೇಕ್. ಕಾಲಂಗೆ. ಇದ್ದ ಶಕ್ತಿ ಎಲ್ಲ ಹಾಕಿ ಒತ್ತ್ದೆ. ಕುರ್ಚಿ ಹಿಂದ್ ಜಾರಿ ಗ್ವಾಡಿಗ್ ತಾಗಿತ್ತ್. ಅಲ್ಲಿದ್ದ ಮೇಡಮ್ಮು ಓಡಿ ಬಂದ್ರ್, ಎಂತ ಆಯ್ತ್ ಅಂತ. ಕೈ ಮೌಸಿನ್ ಮೇಲೇ ಇದ್ದಿತ್ತ್. ಅದನ್ ಒತ್ತುಕೆ ನೆನಪೇ ಆಯ್ಲಿಲ್ಲೆ." ಅವರು ತಮ್ಮ ಬಲಗಾಲನ್ನು ಮೆಲ್ಲಗೆ ನೀವಿಕೊಂಡರು. "ಅದಕ್ ಸೊನ್ನೆಯೇ ಕೊಟ್ಟಿರ್ತ್ರ್ ಅಲ್ದಾ?"

"ಹೌದ್ ಮಾವ. ಸೊನ್ನೆಯೇ."

"ಕೊಡ್ಲಿ," ಎಂದರು.

ರಸ್ತೆಯ ಪರೀಕ್ಷೆಯನ್ನು ಮೊದಲ ಸಲಕ್ಕೇ ಮುಗಿಸಿ, ದೀಪಾವಳಿಯ ವಾರ ಮಾವ ಬಿಳಿ ವ್ಯಾನಿನಲ್ಲಿ ಕೂತರು. ಕಾಲಿನ ಊತ ನಿಧಾನವಾಗಿ ಇಳಿಯಿತು. ನನಗೂ ಮದುವೆಯಾಯಿತು, ಕಿವಿ ಚೆನ್ನಾಗಿ ಕೇಳುವವರೇ ಸಿಕ್ಕಿದರು. ನಾವು ಕೆಂಟನ್‌ನಲ್ಲೇ ಮನೆ ಮಾಡಿ, ಮಗಳು ನರ್ಸರಿಗೆ ಹೋಗುವ ವಯಸ್ಸಾದಾಗ, ಮಧ್ಯಾಹ್ನ ಅವಳನ್ನು ತಾನು ಕರೆದು ತರುತ್ತೇನೆ ಎಂದು ಮಾವ ತಾವಾಗಿ ಹೇಳಿದರು. ನನ್ನ ಗಂಡ ಬೆಂಗಳೂರಿನವರು, ಎಲ್ಲದಕ್ಕೂ ಎರಡು ಸಲ ಯೋಚಿಸುವ ಮನುಷ್ಯ. ಅವತ್ತು ನನ್ನನ್ನು ಪಕ್ಕಕ್ಕೆ ಕರೆದು, "ಮಾವ ಊರಲ್ಲಿ ಬಸ್ ಓಡಿಸ್ತಿದ್ರು ಅಂತೀಯ. ಆ ಬಸ್‌ಗಳು ಹೋಗೋ ಸ್ಪೀಡು ನೋಡಿದೀನಿ ನಾನು. ಮಗೂನ ಕಳಿಸೋದಾ?" ಎಂದು ಕೇಳಿದರು.

"ಪರೀಕ್ಷೇಲಿ ಒಂದು ಫಿಲ್ಮಿಗೆ ಅವರಿಗೆ ಸೊನ್ನೆ ಬಂದಿದೆ," ಎಂದೆ. ಅವರು ಗಾಬರಿಯಿಂದ ನನ್ನ ಮುಖ ನೋಡಿದರು. ಆ ಸೊನ್ನೆ ಹೇಗೆ ಬಂತೆಂದು ಮೊದಲಿನಿಂದ ಕೊನೆಯವರೆಗೆ ಹೇಳಿದೆ.

ಮರುದಿನ ಬೆಳಿಗ್ಗೆ ನನ್ನ ಗಂಡ ಮಗಳ ಪುಟ್ಟ ಸೀಟನ್ನು ನಮ್ಮ ಕಾರಿನಿಂದ ಬಿಚ್ಚಿಕೊಂಡು ಹೋಗಿ, ಮಾವನ ವ್ಯಾನಿನಲ್ಲಿ ಅವರ ಪಕ್ಕಕ್ಕೆ ತಾವೇ ಬಿಗಿದು ಬಂದರು.